ದೋಣಿಗೆ ಇಳಿಸಿದರೆ ಸಾಕೇ?

ಕಾರವಾರದ ಬೈತಖೋಲ ಬಂದರಿನ ಬಳಿ ಅಮ್ಮ ಕೇಳಿದ ಪ್ರಶ್ನೆ ವಾರವಾದರೂ ನನ್ನನ್ನು ಬಿಟ್ಟಿಲ್ಲ. ತಮ್ಮ ವ್ಯಾಪಾರಿ ಹಡಗೊಂದರ ಎಂಜಿನ್ ಕೋಣೆಯಲ್ಲಿ ದುಡಿಯುತ್ತಾನೆ. "ಅವನ ಹಡಗು ಯಾರ ಜಗಳಕ್ಕೂ ಸೇರಿದ್ದಲ್ಲ ಎಂದು ನೀರಿನಡಿ ಜಲಾಂತರ್ಗಾಮಿಯಲ್ಲಿ ಇರುವವನಿಗೆ ಹೇಗೆ ತಿಳಿಯುತ್ತದೆ?"

ತಿಳಿದುಕೊಳ್ಳಲೇಬೇಕು ಎನ್ನುತ್ತದೆ ನಿಯಮ. ಯುದ್ಧಕಾಲದಲ್ಲಿ ಜಲಾಂತರ್ಗಾಮಿ ಹೇಗೆ ನಡೆದುಕೊಳ್ಳಬೇಕೆಂದು ದೇಶಗಳು ಮಾಡಿಕೊಂಡ 1936ರ ಲಂಡನ್ ಒಡಂಬಡಿಕೆ ಅದಕ್ಕೆ ವಿನಾಯಿತಿ ಕೊಡಲಿಲ್ಲ. ವ್ಯಾಪಾರಿ ಹಡಗುಗಳ ವಿಷಯದಲ್ಲಿ ಯುದ್ಧನೌಕೆಗಿರುವ ಕಟ್ಟುಪಾಡೇ ಅದಕ್ಕೂ ಇದೆ. ಹಡಗು ನಿಲ್ಲದೆ ಹಟ ಹಿಡಿದರೆ, ತಪಾಸಣೆಗೆ ಬಂದವರೊಡನೆ ಕಾದಾಡಿದರೆ ಮಾತು ಬೇರೆ. ಇಲ್ಲವಾದರೆ ಪ್ರಯಾಣಿಕರನ್ನೂ ಸಿಬ್ಬಂದಿಯನ್ನೂ ಹಡಗಿನ ಕಾಗದಪತ್ರಗಳನ್ನೂ ಸುರಕ್ಷಿತ ಜಾಗಕ್ಕೆ ಸೇರಿಸದೆ ಮುಳುಗಿಸುವಂತಿಲ್ಲ. ಹಡಗಿನ ದೋಣಿಗೆ ಇಳಿಸಿಬಿಟ್ಟರೆ ಸಾಲದು. ಆಗಿನ ಕಡಲು, ಹವಾಮಾನ ನೋಡಿ, ದಡ ಹತ್ತಿರವಿರಬೇಕು ಅಥವಾ ಅವರನ್ನು ಹತ್ತಿಸಿಕೊಳ್ಳಬಲ್ಲ ಇನ್ನೊಂದು ಹಡಗು ಅಲ್ಲಿರಬೇಕು.

ಈ ಸಾಲು ಬರೆದವರಿಗೆ ಕಡಲು ಗೊತ್ತಿತ್ತು. ಆಷಾಢದಲ್ಲಿ ದೇವಬಾಗದ ಎದುರಿನ ಅಲೆ ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟಾ ಮೀನುಗಾರರೇ ಆಗ ಆಕಾಶ ನೋಡದೆ ನಾಡದೋಣಿ ಇಳಿಸುವುದಿಲ್ಲ.

ಜರ್ಮನಿಯೂ ಇದಕ್ಕೆ ಒಪ್ಪಿತ್ತು. ಎರಡನೇ ಮಹಾಯುದ್ಧದ ಆರಂಭದಲ್ಲಿ ತಟಸ್ಥ ದೇಶಗಳ ಹಡಗುಗಳು ಬದಿಯ ಮೇಲೆ ದೊಡ್ಡದಾಗಿ ಧ್ವಜ ಬರೆಸಿ, ರಾತ್ರಿ ಅದರ ಮೇಲೆ ದೀಪ ಬೆಳಗಿಸಿಕೊಂಡು ಸಾಗುತ್ತಿದ್ದವು. ಅಮ್ಮನ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಅದು. ಆದರೂ ಜರ್ಮನಿ ತಾನೇ ಘೋಷಿಸಿದ ವಲಯಗಳಲ್ಲಿ ತಟಸ್ಥ ಹಡಗುಗಳನ್ನು ಎಚ್ಚರಿಕೆ ಕೊಡದೆ ಮುಳುಗಿಸಿತು. ಅದು ಒಡಂಬಡಿಕೆಯ ಉಲ್ಲಂಘನೆ ಎಂದು ಜರ್ಮನಿಯ ನಾಯಕರ ಯುದ್ಧಾಪರಾಧಗಳ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ಹೇಳಿತು. ಆದರೆ ಜರ್ಮನಿಯ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥನಾಗಿದ್ದ ಅಡ್ಮಿರಲ್ ಡ್ಯೋನಿಟ್ಸ್‌ಗೆ 10 ವರ್ಷಗಳ ಸೆರೆವಾಸ ವಿಧಿಸುವಾಗ ಈ ಉಲ್ಲಂಘನೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಾರಣ, ಎದುರು ಪಕ್ಷದವರೂ ಹಾಗೆಯೇ ಮಾಡಿದ್ದರು. ಡೆನ್ಮಾರ್ಕ್ ಮತ್ತು ನಾರ್ವೆ ನಡುವಿನ ಸ್ಕಾಗೆರಾಕ್ ಜಲಸಂಧಿಯಲ್ಲಿ ರಾತ್ರಿ ಕಂಡ ಹಡಗನ್ನೆಲ್ಲ ಮುಳುಗಿಸಲು ಆದೇಶಿಸಿರುವುದಾಗಿ ಬ್ರಿಟನ್ 1940ರ ಮೇ ತಿಂಗಳಲ್ಲಿ ಪ್ರಕಟಿಸಿತ್ತು. ಪೆಸಿಫಿಕ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೊದಲ ದಿನದಿಂದಲೇ ಅದರ ಜಲಾಂತರ್ಗಾಮಿಗಳೂ ಇದನ್ನೇ ಮಾಡಿದವು ಎಂದು ಅಲ್ಲಿನ ಅಮೆರಿಕದ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ಲಿಖಿತವಾಗಿ ಒಪ್ಪಿಕೊಂಡಿದ್ದರು.

ಹಾಗಾದರೆ ನಿಯಮ ಸತ್ತಿತು ಎನ್ನುವವರಿದ್ದಾರೆ. ನೀರಿನ ಮೇಲೆ ಬಂದ ಜಲಾಂತರ್ಗಾಮಿ ಸುಲಭದ ಗುರಿ, ವ್ಯಾಪಾರಿ ಹಡಗುಗಳೇ ಫಿರಂಗಿ ಹೊತ್ತಿದ್ದವು ಎಂಬ ಅವರ ಮಾತು ಸುಳ್ಳಲ್ಲ. ಶಸ್ತ್ರಸಜ್ಜಿತ ಬ್ರಿಟಿಷ್ ಹಡಗುಗಳ ವಿಷಯದಲ್ಲಿ ನ್ಯಾಯಮಂಡಳಿ ಡ್ಯೋನಿಟ್ಸ್‌ನನ್ನು ತಪ್ಪಿತಸ್ಥನೆನ್ನಲೂ ಇಲ್ಲ. ಆದರೆ ದೀಪ ಹಚ್ಚಿಕೊಂಡು ಹೊರಟವನು ಯಾರಿಗೆ ಫಿರಂಗಿ ತೋರಿಸಿದ್ದ? ಗೆದ್ದವರೂ ಸೋತವರೂ ಕೂಡಿ ಮುರಿದರೆಂದು ತಟಸ್ಥನ ಹಕ್ಕು ಅಳಿಸಿಹೋಗುವುದನ್ನು ನಾನು ಒಪ್ಪುವುದಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯನ್ನು ಮಕ್ಕಳಿಗೆ ತೋರಿಸುವ ನಮ್ಮೂರಿನಲ್ಲಿ ಸರಕು ಸಾಗಿಸುವವರ ಬಗೆಗೂ ಒಂದು ಮಾತು ಇರಲಿ.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಆ ದೋಣಿಯಲ್ಲಿ ಕುಡಿಯುವ ನೀರು ಎಷ್ಟು ದಿನಕ್ಕೆ ಇಟ್ಟಿರುತ್ತಾರೆ?" ಎಂದಳು. ತಮ್ಮನ ಫೋನ್ ಬಂದಾಗ ಕೇಳಬೇಕು.