ಬಿಷಪ್ ಕೋಟೆಯಲ್ಲಿ ಕ್ಯಾಬರೆ ಹುಡುಗಿಯರು

ಫ್ರಾನ್ಸಿನ ಟುಲೂಸ್‌ನಲ್ಲಿ ವಿಮಾನದ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರು ರಜೆ ಸಿಕ್ಕರೆ ಕಾರ್ಕಸೋನ್ ಕೋಟೆಗೆ ಓಡುತ್ತಾರೆ. ಓಡಲಿ. ಆದರೆ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಆಲ್ಬಿಯನ್ನು ಯಾಕೆ ಬಿಡ್ತೀರಿ ಅನ್ನೋದು ನನ್ನ ತಕರಾರು.

ಅಲ್ಲಿನ ಬೆರ್ಬಿ ಅರಮನೆ ರಾಜರದ್ದಲ್ಲ, ಬಿಷಪ್‌ಗಳದ್ದು. 13ನೇ ಶತಮಾನದ್ದು, ಕೆಂಪು ಇಟ್ಟಿಗೆಯದ್ದು. ಹೊರಗಿನಿಂದ ನೋಡಿದರೆ ಅಪ್ಪಟ ಕೋಟೆ. ಕಾರಣ ಇದೆ. ಈ ಭಾಗದಲ್ಲಿ ಕ್ಯಾಥರ್ ಅನ್ನೋ ಕ್ರೈಸ್ತ ಪಂಥದವರು ಚರ್ಚಿಗೆ ಎದುರು ನಿಂತಿದ್ದರು. ಯುದ್ಧ ಮಾಡಿ ಬಗ್ಗುಬಡಿದ ಮೇಲೂ ಚರ್ಚಿನ ಅನುಮಾನ ಹೋಗಿರಲಿಲ್ಲ. ಬಿಷಪ್ ಬೆರ್ನಾರ್ ದ ಕಸ್ತಾನೆ ವಿಚಾರಣೆ ನಡೆಸಿ ಊರವರನ್ನೇ ಜೈಲಿಗೆ ತಳ್ಳಿದ. ಪಕ್ಕದ ಭಾರಿ ಕೆಥೆಡ್ರಲ್ ಕೆಲಸವನ್ನು 1282ರಲ್ಲಿ ಶುರುಮಾಡಿಸಿದವನೂ ಅವನೇ. ಜನ ಅವನ ಮೇಲೆ ತಿರುಗಿಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಮಜಾ ನೋಡಿ. 1905ರಲ್ಲಿ ಫ್ರಾನ್ಸ್ ಸರ್ಕಾರ ಚರ್ಚಿನ ಜೊತೆಗಿನ ನಂಟು ಕಡಿದುಕೊಂಡಿತು. ಬಿಷಪ್ ಮನೆ ಖಾಲಿಯಾಯಿತು. 1922ರಿಂದ ಅದು ಚಿತ್ರಕಾರ ಟುಲೂಸ್-ಲೋಟ್ರೆಕ್ ಹೆಸರಿನ ಮ್ಯೂಸಿಯಂ. ಲೋಟ್ರೆಕ್ 1864ರಲ್ಲಿ ಇದೇ ಊರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿದವನು. ಅವನ ಅಜ್ಜಿಯರಿಬ್ಬರೂ ಅಕ್ಕತಂಗಿಯರು (ನಮ್ಮಲ್ಲಾದರೆ ಅಪ್ಪ ಅಮ್ಮ ಅಣ್ಣ-ತಂಗಿ ವರಸೆ ಆಗಿ, ಮದುವೆ ಮಾತೇ ಎತ್ತುವಂತಿರಲಿಲ್ಲ). ಹದಿಹರೆಯದಲ್ಲಿ ಎರಡೂ ಕಾಲು ಮುರಿದು ಮತ್ತೆ ಬೆಳೆಯಲೇ ಇಲ್ಲ. ಪ್ಯಾರಿಸ್ ಸೇರಿ ಕ್ಯಾಬರೆ, ಸರ್ಕಸ್, ಸೂಳೆಮನೆಗಳನ್ನು ಚಿತ್ರಿಸಿದ. 36ಕ್ಕೇ ಸತ್ತ. ಚಿತ್ರಗಳನ್ನು ಅವನ ಅಮ್ಮ ಹುಟ್ಟೂರಿಗೇ ಕೊಟ್ಟರು.

1894ರ ಒಂದು ಚಿತ್ರದ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ಪ್ಯಾರಿಸ್ಸಿನ ಮುಲ್ಯಾಂ ಬೀದಿಯ ಸೂಳೆಮನೆಯ ಹಾಲ್. ಕೆಂಪು ಸೋಫಾಗಳು. ಹೆಂಗಸರು ಗಿರಾಕಿಗಳಿಗೆ ಕಾಯ್ತಾ ಕೂತಿದ್ದಾರೆ. ಮುಂದಿನವಳು ಒಂದು ಕಾಲು ಮಡಚಿಕೊಂಡಿದ್ದಾಳೆ. ಯಾರೂ ಯಾರ ಜೊತೆಗೂ ಮಾತಾಡುತ್ತಿಲ್ಲ. ಚಿತ್ರದಲ್ಲಿ ಗಂಡಸೇ ಇಲ್ಲ. ಆಸೆ ಹುಟ್ಟಿಸುವ ಚಿತ್ರ ಅಲ್ಲವೇ ಅಲ್ಲ, ಬರೀ ಬೇಜಾರು, ದಣಿವು. ಅವರನ್ನು ಹಾಗೆ ನೋಡುವುದಕ್ಕೆ ಅವರ ಪಕ್ಕದಲ್ಲಿ ಸುಮ್ನೆ ಕೂತವನಿಗೆ ಮಾತ್ರ ಸಾಧ್ಯ.

ಧರ್ಮಗುರುಗಳ ಮನೆಯಲ್ಲಿ ಇಂಥ ಚಿತ್ರವಾ ಅಂತ ಮೂಗು ಮುರಿಯುವವರು ಇದ್ದೇ ಇರ್ತಾರೆ. ನನಗೆ ಅದೇ ಸರಿ ಅನ್ನಿಸಿತು. ಹಗ್ಗ ಕಟ್ಟಿ, ಖಾಲಿ ಸಿಂಹಾಸನ ತೋರಿಸಿ ಕಳಿಸುವ ಅರಮನೆಗಳು ನೋಡಿ ಸಾಕಾಗಿದೆ. ಊರವರನ್ನು ಹೆದರಿಸಲು ಎಬ್ಬಿಸಿದ ಗೋಡೆಗಳ ಮೇಲೆ ಆ ಬಿಷಪ್ ಹೊಸ್ತಿಲೂ ದಾಟಿಸದಿದ್ದ ಹೆಂಗಸರು ನೇತಾಡುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ಬಳಕೆ ಇದೆಯಾ?

ಮಕ್ಕಳನ್ನು ಕರ್ಕೊಂಡು ಹೋಗಬಹುದಾ ಅಂತ ಕೇಳ್ತೀರಿ, ಗೊತ್ತು. ಹೋಗಿ. ಕುದುರೆ, ಸರ್ಕಸ್, ಪೋಸ್ಟರ್‌ಗಳು ಅವರಿಗೂ ಇಷ್ಟವಾಗುತ್ತವೆ. ಉಳಿದದ್ದು ಕೇಳಿದರೆ ಉತ್ತರ ಹೇಳುವುದು ನಿಮ್ಮ ಜವಾಬ್ದಾರಿ.