ಕಾದರೆ ಕನ್ಸೋಲ್ ಅಗ್ಗವಾಗುತ್ತದೆ ಎಂಬುದು ಈಗ ನಿಜವಲ್ಲ

'ವಿಡಿಯೊ ಗೇಮ್ ಆಗಲಿ, ಅದನ್ನು ಆಡುವ ಯಂತ್ರವಾದ ಕನ್ಸೋಲ್ ಆಗಲಿ, ನಾಲ್ಕೈದು ವರ್ಷ ತಾಳಿಕೊಂಡರೆ ಅರ್ಧ ಬೆಲೆಗೆ ಸಿಗುತ್ತದೆ' ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತಿದೆ. ಗೇಮ್‌ಗಳ ಮಟ್ಟಿಗೆ ಇದು ಬಹುಪಾಲು ಸರಿ. ನಾನೂ ಕಾದು ಆಡುವವನೇ. ಕನ್ಸೋಲ್ ವಿಷಯದಲ್ಲಿ ಮಾತ್ರ ತಪ್ಪು.

ಹಿಂದೆ ಹಾಗಿತ್ತು, ನಿಜ. ಅಮೆರಿಕದಲ್ಲಿ 2000ರಲ್ಲಿ 299 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 2, 2002ರಲ್ಲಿ 199ಕ್ಕೆ, 2009ರಲ್ಲಿ 99ಕ್ಕೆ ಇಳಿಯಿತು. ಚಿಪ್ ಚಿಕ್ಕದಾದಷ್ಟೂ ಒಂದೇ ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್ ಬರುತ್ತಿದ್ದವು, ತಯಾರಿಕೆಯ ಖರ್ಚು ತಗ್ಗುತ್ತಿತ್ತು. ಈಗ ಹೊಸ ತಂತ್ರಜ್ಞಾನದ ಬಿಲ್ಲೆಯೇ ದುಬಾರಿ. ಆ ಉಳಿತಾಯವನ್ನು ಅದೇ ನುಂಗಿಹಾಕುತ್ತದೆ. ಅದರ ಮೇಲೆ ಆಮದು ಸುಂಕ ಬೇರೆ. 2020ರಲ್ಲಿ ಸುಮಾರು 500 ಡಾಲರ್ ಇದ್ದ ಪ್ಲೇಸ್ಟೇಷನ್ 5, 2025ರ ಆಗಸ್ಟ್‌ನಲ್ಲಿ 550 ಆಯಿತು. 300ರ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅದೇ ವರ್ಷ ಮೇ ತಿಂಗಳಲ್ಲಿ 380ಕ್ಕೇರಿತು. ಐದು ವರ್ಷ ಕಾದವರು ಹೆಚ್ಚು ತೆತ್ತರು!

ಗೇಮ್‌ನಲ್ಲಿ ಕಾಯುವುದರ ಲಾಭ ಬೆಲೆಗಿಂತ ದೊಡ್ಡದು. ಸೈಬರ್‌ಪಂಕ್ 2077 ಎಷ್ಟು ದೋಷಗಳೊಂದಿಗೆ ಬಂತೆಂದರೆ, 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಸುಮಾರು ಒಂದು ವಾರಕ್ಕೇ ಪ್ಲೇಸ್ಟೇಷನ್ ತಯಾರಿಸುವ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆಯಿತು. 2023ರ 2.0 ಅಪ್‌ಡೇಟ್ ನಂತರ ಆಡಿದವರಿಗೆ ಸಿಕ್ಕಿದ್ದು ಬಹಳ ಮೇಲಾದ ಆಟ.

ಆದರೆ ಸದಾ ಇಂಟರ್ನೆಟ್ ಬೇಡುವ ಗೇಮ್‌ಗೆ ಈ ಲೆಕ್ಕ ನಡೆಯದು. 2014ರ ದ ಕ್ರ್ಯೂ ಗೇಮ್‌ನ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ಡಿಸ್ಕ್ ಇಟ್ಟುಕೊಂಡವರಿಗೂ, ಒಬ್ಬರೇ ಆಡುವವರಿಗೂ ಅದನ್ನು ಆಡಲಾಗದೆ ಹೋಯಿತು. ಅಂಥದ್ದನ್ನು ಆಡುವ ಮನಸ್ಸಿದ್ದರೆ ಮುಂದೂಡಬೇಡಿ.