ಗಂಟೆಗೆ 105.5 ಮೈಲಿ ವೇಗ ಮತ್ತು ಬೆನ್ ಜಾಯ್ಸ್ ಬಗೆಗಿನ ನನ್ನ ಅನುಮಾನ

2024ರ ಸೆಪ್ಟೆಂಬರ್ 3ರಂದು ಅಮೆರಿಕದ ಬೇಸ್‌ಬಾಲ್ ತಂಡ ಲಾಸ್ ಏಂಜಲೀಸ್ ಏಂಜಲ್ಸ್‌ನ ರಿಲೀಫ್ ಪಿಚರ್ (ಪಂದ್ಯದ ನಡುವೆ ಬದಲಿಯಾಗಿ ಇಳಿದು ಚೆಂಡೆಸೆಯುವವರು) ಬೆನ್ ಜಾಯ್ಸ್, ಡಾಡ್ಜರ್ಸ್ ತಂಡದ ಟಾಮಿ ಎಡ್ಮನ್ ಅವರನ್ನು ಗಂಟೆಗೆ 105.5 ಮೈಲಿ, ಅಂದರೆ ಸುಮಾರು 170 ಕಿಲೋಮೀಟರ್ ವೇಗದ ಎಸೆತದಿಂದ ಸ್ಟ್ರೈಕ್‌ಔಟ್ (ಚೆಂಡನ್ನು ಮೈದಾನದೊಳಕ್ಕೆ ಹೊಡೆಯಲು ಬಿಡದೆ ಔಟ್) ಮಾಡಿದರು. 2008ರಿಂದ ಅಲ್ಲಿನ ಅತ್ಯುನ್ನತ ಸ್ಪರ್ಧೆಯಾದ ಮೇಜರ್ ಲೀಗಿನಲ್ಲಿ ಪ್ರತಿ ಎಸೆತದ ವೇಗ ದಾಖಲಾಗುತ್ತಿದ್ದು, ಆ ದಿನದವರೆಗೆ ಅದಕ್ಕಿಂತ ವೇಗವಾಗಿ ಎಸೆದಿದ್ದವರು ಆರೋಲ್ಡಿಸ್ ಚಾಪ್ಮನ್ ಒಬ್ಬರೇ. ಅಂದಿನಿಂದ ಜಾಯ್ಸ್ ಅವರನ್ನು ಭವಿಷ್ಯದ ದೊಡ್ಡ ಕ್ಲೋಸರ್ (ಪಂದ್ಯದ ಕೊನೆಯಲ್ಲಿ ಎಸೆದು ಗೆಲುವನ್ನು ಕಾಯುವ ಪಿಚರ್) ಎಂದು ಕರೆಯುವವರು ಬಹಳ. ಆ ಭವಿಷ್ಯ ಅಸಾಧ್ಯವೆಂದು ನಾನು ಹೇಳುವುದಿಲ್ಲ, ಆದರೆ ವೇಗವೊಂದನ್ನೇ ಅದಕ್ಕೆ ಸಾಕ್ಷಿಯಾಗಿ ಒಪ್ಪಲಾರೆ. (ಇದನ್ನು ಶೋಯೆಬ್ ಅಖ್ತರ್ ಅವರ 161.3 ಕಿಲೋಮೀಟರ್ ದಾಖಲೆಯ ಜೊತೆ ಹೋಲಿಸಬೇಡಿ. ಓಡಿಬಂದು ಮೊಣಕೈ ಬಗ್ಗಿಸದೆ ಬೌಲ್ ಮಾಡುವುದೂ ನಿಂತಲ್ಲಿಂದ ತೋಳು ಬೀಸಿ ಎಸೆಯುವುದೂ ಬೇರೆ ಬೇರೆ ಕಸುಬುಗಳು.)

2024ರಲ್ಲಿ ಜಾಯ್ಸ್ ಅವರ ರನ್ ಸರಾಸರಿ, ಅಂದರೆ ಒಂಬತ್ತು ಇನ್ನಿಂಗ್ಸ್‌ಗಳ ಲೆಕ್ಕದಲ್ಲಿ ಅವರ ಹೊಣೆಯಿಂದ ಹೋದ ರನ್, 2.08. ನೋಡಲು ಸೊಗಸಾದ ಅಂಕಿಯೇ, ಆದರೆ ಅದು ಮೂವತ್ತೈದಕ್ಕೂ ಕೊಂಚ ಕಡಿಮೆ ಇನ್ನಿಂಗ್ಸ್‌ಗಳ (ಇಲ್ಲಿ ಮೂರು ಔಟ್‌ಗಳಿಗೆ ಒಂದು ಇನ್ನಿಂಗ್ಸ್) ಫಲ. ನಾಲ್ಕು ರನ್ ಹೋಗುವ ಒಂದೇ ಒಂದು ಕೆಟ್ಟ ಇನ್ನಿಂಗ್ಸ್ ಸೇರಿಸಿದರೆ ಆ ಸರಾಸರಿ 3ನ್ನು ದಾಟುತ್ತದೆ. ಆದ್ದರಿಂದ ರಿಲೀಫ್ ಪಿಚರನ್ನು ಅಳೆಯುವಾಗ ನಾನು ಮೊದಲು ನೋಡುವುದು ಸ್ಟ್ರೈಕ್‌ಔಟ್‌ಗಳನ್ನು, ಏಕೆಂದರೆ ಅದರಲ್ಲಿ ಫೀಲ್ಡರ್‌ಗಳ ಕೈಚಳಕಕ್ಕಾಗಲಿ ಅದೃಷ್ಟಕ್ಕಾಗಲಿ ಹೆಚ್ಚು ಪಾಲಿಲ್ಲ. ಅಲ್ಲಿ ಜಾಯ್ಸ್ ಗಳಿಸಿದ್ದು 33, ಇನ್ನಿಂಗ್ಸಿಗೆ ಒಂದೂ ತುಂಬುವುದಿಲ್ಲ. ಅದೇ ವರ್ಷ ಓಕ್ಲೆಂಡ್ ತಂಡದ ಪಿಚರ್ ಮೇಸನ್ ಮಿಲ್ಲರ್ 65 ಇನ್ನಿಂಗ್ಸ್‌ಗಳಲ್ಲಿ 104 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು. ಇಬ್ಬರೂ ನೂರು ಮೈಲಿ ದಾಟುವವರೇ. ಆದರೆ ಮಿಲ್ಲರ್ ಅವರ ವೇಗದ ಎಸೆತಕ್ಕೆ ಸಿದ್ಧವಾಗಿ ನಿಂತ ಬ್ಯಾಟರ್ ಮುಂದೆ ಪಕ್ಕಕ್ಕೆ ಸರಿಯುವ ಸ್ಲೈಡರ್ ಎಸೆತ ತಿರುಗಿ ಹೋಗುತ್ತದೆ, ಬ್ಯಾಟು ಬರಿಯ ಗಾಳಿಯಲ್ಲಿ ಬೀಸುತ್ತದೆ. ಚೆಂಡು ಬ್ಯಾಟರನ್ನು ತಲುಪಲು ಅರ್ಧ ಸೆಕೆಂಡೂ ಬೇಕಾಗದ ಈ ಆಟದಲ್ಲಿ ವೇಗದ ನಿಜವಾದ ಪ್ರಯೋಜನವೆಂದರೆ ಬ್ಯಾಟರ್ ಬೇಗ ನಿರ್ಧರಿಸಬೇಕಾಗುವುದು. ಏನು ಬರುತ್ತದೆಂದು ಮೊದಲೇ ಗೊತ್ತಿದ್ದರೆ ಆ ಪ್ರಯೋಜನ ಅರ್ಧ ಕರಗುತ್ತದೆ, ಮೇಜರ್ ಲೀಗಿನ ಬ್ಯಾಟರ್‌ಗಳು ನೂರು ಮೈಲಿಯ ಚೆಂಡನ್ನೂ ಹೇಗೋ ಮುಟ್ಟುತ್ತಾರೆ. ಜಾಯ್ಸ್ ಅವರ ಪರವಾಗಿ ಒಂದು ಮಾತು ಹೇಳಲೇಬೇಕು: ಕೆಳಗಿಳಿಯುವ ಸಿಂಕರಿನಂಥ ಎಸೆತಗಳಿಂದ ಅವರು ಹೊಡೆತಗಳನ್ನು ನೆಲಕ್ಕೆ ಇಳಿಸುತ್ತಾರೆ, ಅದು ಸಣ್ಣ ಗುಣವಲ್ಲ.

ನನ್ನ ದೊಡ್ಡ ಅಳುಕು ಇರುವುದು ತೋಳಿನ ಬಗ್ಗೆ. ಕಾಲೇಜು ದಿನಗಳಲ್ಲೇ ಮೊಣಕೈಯ ಹರಿದ ಅಸ್ಥಿರಜ್ಜನ್ನು ಬದಲಿಸುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ, 2023ರಲ್ಲಿ ಮೊಣಕೈ ನರದ ಉರಿಯೂತ, 2024ರ ಕೊನೆಗೆ ಭುಜದ ನೋವು, 2025ರಲ್ಲಿ ಐದೇ ಪಂದ್ಯಗಳ ನಂತರ ಭುಜಕ್ಕೆ ಶಸ್ತ್ರಚಿಕಿತ್ಸೆ. ಮೊಣಕೈ ಸರಿಪಡಿಸುವ ವಿದ್ಯೆ ಇಂದು ಎಷ್ಟು ಪಳಗಿದೆಯೆಂದರೆ ಆ ಚಿಕಿತ್ಸೆ ಪಡೆದ ಪಿಚರ್‌ಗಳಲ್ಲಿ ಬಹುಪಾಲು ಮಂದಿ ಮತ್ತೆ ಎಸೆಯುತ್ತಾರೆ. ಭುಜದ ವಿಷಯದಲ್ಲಿ ಅಂಥ ಭರವಸೆ ಯಾರೂ ಕೊಡುವುದಿಲ್ಲ.

ಹಾಗಾಗಿ ತಂಡದ ನಿರ್ಧಾರ ನನ್ನ ಕೈಯಲ್ಲಿದ್ದರೆ, ಶಸ್ತ್ರಚಿಕಿತ್ಸೆಯ ನಂತರದ ಜಾಯ್ಸ್ ಅವರಿಗೆ ಮೊದಲ ವರ್ಷ ಕ್ಲೋಸರ್ ಎಸೆಯುವ ಕೊನೆಯ, ಅಂದರೆ ಒಂಬತ್ತನೆಯ ಇನ್ನಿಂಗ್ಸ್ ವಹಿಸುವುದಿಲ್ಲ. ಸತತ ಎರಡು ದಿನ ಎಸೆಯಿಸದೆ, ಬೇಸ್‌ಗಳಲ್ಲಿ ಎದುರಾಳಿ ಓಟಗಾರರು ಇಲ್ಲದಿರುವಾಗ ಇನ್ನಿಂಗ್ಸಿನ ಆರಂಭದಲ್ಲೇ ಇಳಿಸಿ, ಮೂರು ಎಸೆತಗಳಲ್ಲಿ ಒಂದಾದರೂ ಸ್ಲೈಡರ್ ಇರಲಿ ಎನ್ನುತ್ತೇನೆ. ವೇಗ 102ಕ್ಕೆ ಇಳಿದರೂ ಆ ಸ್ಲೈಡರಿಗೆ ಬ್ಯಾಟುಗಳು ತಪ್ಪತೊಡಗಿದರೆ, ಕ್ಲೋಸರ್ ಸ್ಥಾನದ ಮಾತನ್ನು ನಾನೇ ಮೊದಲು ಎತ್ತುತ್ತೇನೆ.